ಮುದ್ರೆ ಬಿದ್ದ ಕಾಗದ ಎಲ್ಲಿ ಹೋಯಿತು: ಒಂದು ರಿಟರ್ನ್‌ನ ಪ್ರಕರಣ

80 ವರ್ಷ ದಾಟಿದವರು ಆದಾಯ ತೆರಿಗೆ ರಿಟರ್ನ್ ಅನ್ನು ಈಗಲೂ ಕಾಗದದಲ್ಲಿ ಬರೆದು ಕೊಡಬಹುದು. ಅವರ ಆದಾಯ ಐಟಿಆರ್-1 ಅಥವಾ ಐಟಿಆರ್-4 ಅನ್ನುವ ಸರಳ ರಿಟರ್ನ್ ಫಾರ್ಮಿನೊಳಗೆ ಬರುವಂತಿದ್ದರೆ ಸಾಕು. 1962ರ ಆದಾಯ ತೆರಿಗೆ ನಿಯಮಗಳ 12ನೇ ನಿಯಮ ಕೊಟ್ಟ ಅವಕಾಶ ಇದು. ಇದು ಗೊತ್ತಿರುವವರೇ ಕಡಿಮೆ. ಗೊತ್ತಿದ್ದು ಬಳಸಿದವರಿಗೆ ಮುಂದೆ ಏನಾಗುತ್ತದೆ ಅಂತ ಯಾರೂ ವಿವರವಾಗಿ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಒಂದು ಪ್ರಕರಣವನ್ನು ಮೊದಲಿಂದ ಬರೆಯುತ್ತಿದ್ದೇನೆ.

ಪ್ರಕರಣ ಕುಮಟಾ ತಾಲೂಕಿನ ಒಬ್ಬ ಅಕ್ಕೋರದ್ದು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಇದೆಲ್ಲ ಶುರುವಾದಾಗ ಅವರಿಗೆ 82 ವರ್ಷ. ಅವರ ಹೆಸರು ಬರೆಯುವುದಿಲ್ಲ. ಕಚೇರಿ ಯಾವ ಊರಿನದು ಅಂತಲೂ ಬರೆಯುವುದಿಲ್ಲ, ಯಾಕೆಂದರೆ ತೊಂದರೆ ಒಂದು ಕಚೇರಿಯದ್ದಲ್ಲ. ನಾನು ಪೇಟೆಯಲ್ಲಿ ಅಂಗಡಿಯವರ ಲೆಕ್ಕ ಬರೆದು ಬದುಕುವವನು. ಅಕ್ಷರ ಕಲಿತದ್ದು ಅಕ್ಕೋರ ಹತ್ತಿರ. ಹಾಗಾಗಿ ಈ ಓಡಾಟ ನನ್ನ ಪಾಲಿಗೆ ಬಂತು.

ಲೆಕ್ಕ ಸರಳವಾಗಿತ್ತು. 2023-24ರಲ್ಲಿ ಅವರ ಪಿಂಚಣಿ ₹2,64,000. ಠೇವಣಿ ಬಡ್ಡಿ ₹1,60,000. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಹೋಗಿ ಫಾರ್ಮ್ 15ಎಚ್ ಕೊಟ್ಟು ಬರುವುದು ಅವರ ರೂಢಿ. ತೆರಿಗೆ ಬೀಳುವಷ್ಟು ಆದಾಯ ಇಲ್ಲ, ಬಡ್ಡಿಯಲ್ಲಿ ಹಿಡಿಯಬೇಡಿ ಅಂತ ಹಿರಿಯ ನಾಗರಿಕರು ಬರೆದುಕೊಡುತ್ತಿದ್ದ ಫಾರ್ಮ್ ಅದು. ಆ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದ ಮೇಲೆ ಬಹಳ ದಿನ ಹಾಸಿಗೆಯಲ್ಲೇ ಇದ್ದರು. ಫಾರ್ಮ್ ಹೋಗಲಿಲ್ಲ. ಆಗ ಹಿರಿಯ ನಾಗರಿಕರಿಗೆ ವರ್ಷದ ಬಡ್ಡಿ ₹50,000 ಮೀರಿದರೆ ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲೇಬೇಕಿತ್ತು. ಈ ಮಿತಿ ₹1 ಲಕ್ಷಕ್ಕೆ ಏರಿದ್ದು 2025ರ ಏಪ್ರಿಲ್ 1ರಿಂದ. ಬ್ಯಾಂಕು ಶೇಕಡಾ 10ರಂತೆ ₹16,000 ಹಿಡಿಯಿತು. ಅದರಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ.

ಪಿಂಚಣಿಯಲ್ಲಿ ₹50,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಪಿಂಚಣಿದಾರರಿಗೆ ಸಿಗುವ ನಿಗದಿತ ಕಡಿತ) ಕಳೆದರೆ ಒಟ್ಟು ಆದಾಯ ₹3,74,000. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ. ಹಳೆ ಪದ್ಧತಿಯಲ್ಲಿ 80 ದಾಟಿದವರಿಗೆ ₹5 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹೊಸ ಪದ್ಧತಿಯಲ್ಲೂ ಆ ವರ್ಷ ₹7 ಲಕ್ಷದವರೆಗೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಹೇಗೆ ನೋಡಿದರೂ ₹16,000 ಪೂರ್ತಿ ವಾಪಸ್ ಬರಬೇಕು. ಅಕ್ಕೋರಿಗೆ ಅದು ಮುಕ್ಕಾಲು ತಿಂಗಳ ಪಿಂಚಣಿಗೆ ಹತ್ತಿರದ ದುಡ್ಡು.

75 ದಾಟಿದವರು ರಿಟರ್ನ್ ಕೊಡುವುದೇ ಬೇಡವಂತಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಅದು ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಪಿ ಕಲಮು. ಪಿಂಚಣಿ ಮತ್ತು ಬಡ್ಡಿ ಎರಡೂ ಒಂದೇ ಬ್ಯಾಂಕಿನಲ್ಲಿ ಬರುತ್ತಿರಬೇಕು, ಬ್ಯಾಂಕಿಗೆ ಘೋಷಣೆ ಬರೆದುಕೊಡಬೇಕು. ಅಕ್ಕೋರ ಪಿಂಚಣಿ ಒಂದು ಕಡೆ, ಠೇವಣಿ ಇನ್ನೊಂದು ಕಡೆ. ಆ ದಾರಿ ಅವರಿಗೆ ಇರಲಿಲ್ಲ.

ಕಂಪ್ಯೂಟರ್‌ನಲ್ಲಿ ಹಾಕಿಬಿಡೋಣ ಅಕ್ಕೋರೇ, ಅರ್ಧ ಗಂಟೆ ಕೆಲಸ ಅಂತ ನಾನು ಹೇಳಿದೆ. ಅವರು ಒಪ್ಪಲಿಲ್ಲ. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ ಅಂತ ಬ್ಯಾಂಕಿನವರು, ಪೊಲೀಸರು, ಟಿವಿಯವರು ಎಲ್ಲರೂ ಹೇಳುತ್ತಾರೆ. ಅವರು ಅದನ್ನು ಅಕ್ಷರಶಃ ಪಾಲಿಸುವವರು. "ಕಾಗದದಲ್ಲಿ ಕೊಡಬಹುದು ಅಂತ ಸರ್ಕಾರವೇ ಹೇಳಿದೆ ಅಲ್ವಾ ತಮಾ? ನನ್ನ ಕೈ ಇನ್ನೂ ನೆಟ್ಟಗಿದೆ. ನಾನೇ ಬರೀತೇನೆ" ಅಂದರು. ಇದನ್ನು ಹಟ ಅಂತ ನಾನು ಕರೆಯುವುದಿಲ್ಲ. ಕಾನೂನು ಕೊಟ್ಟ ದಾರಿಯಲ್ಲೇ ಅವರು ಹೊರಟಿದ್ದರು.

ಫಾರ್ಮ್ ಎರಡು ಪ್ರತಿ ಬರೆದರು. ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ, ನೀಲಿ ಶಾಯಿಯಲ್ಲಿ, ಎಲ್ಲೂ ಒಂದು ತಿದ್ದುಪಡಿ ಇಲ್ಲ. 2024ರ ಜುಲೈ ಮೊದಲ ವಾರದಲ್ಲಿ ಮಗನ ಜೊತೆ ಕಾರಿನಲ್ಲಿ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದರು. ಜೋರು ಮಳೆಗೆ ಆ ದಿನ ಕರೆಂಟ್ ಇರಲಿಲ್ಲ. ಸಾಮಾನ್ಯವಾಗಿ ಇಂಥ ಕಾಗದವನ್ನು ಕಚೇರಿಯಲ್ಲೇ ಇರುವ ಆಯಕರ ಸೇವಾ ಕೇಂದ್ರದ ಕಿಟಕಿಯಲ್ಲಿ ತೆಗೆದುಕೊಂಡು, ಕಂಪ್ಯೂಟರಿಗೆ ಏರಿಸಿ, ನಂಬರ್ ಇರುವ ಚೀಟಿ ಕೊಡುತ್ತಾರೆ. ಅವತ್ತು ಟಪಾಲು ಮೇಜಿನಲ್ಲೇ ತೆಗೆದುಕೊಂಡರು. ಇವರ ಪ್ರತಿಯ ಮೇಲೆ ಮುದ್ರೆ ಒತ್ತಿ, ನಂಬರ್ ಆಮೇಲೆ ಬರುತ್ತದೆ ಅಂದರು.

ಆ ಪ್ರತಿ ಈಗಲೂ ನನ್ನ ಕಪಾಟಿನಲ್ಲಿದೆ. ನೇರಳೆ ಶಾಯಿಯ ದುಂಡು ಮುದ್ರೆ. ಕಾಗದ ಸ್ವಲ್ಪ ಒದ್ದೆಯಾಗಿದ್ದಕ್ಕೆ ಅಂಚು ಹರಡಿದೆ. ತಾರೀಖು ಓದಲು ಬರುತ್ತದೆ. ಅದರ ಕೆಳಗೆ ಯಾರದೋ ಗೀಚು ಸಹಿ. ಸಹಿ ಮಾಡಿದವರ ಹೆಸರಿಲ್ಲ, ಹುದ್ದೆಯಿಲ್ಲ, ನಂಬರೂ ಇಲ್ಲ. ಮುಂದಿನ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಕೊರತೆಯಿಂದಲೇ ಬಂದವು.

ಅದೇ ತಿಂಗಳು 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು. ಹೆದ್ದಾರಿ 66 ಬಂದ್ ಆಯಿತು. ನಂಬರ್ ಕೇಳಲು ಆಗ ಯಾರೂ ಹೊರಡಲಿಲ್ಲ, ಹೊರಡುವ ಮನಸ್ಸೂ ಇರಲಿಲ್ಲ. ಇಲ್ಲೊಂದು ಮಾತು ಹೇಳಬೇಕು. ಏನು ಕೇಳಿದರೂ "ಕಚೇರಿಗೇ ಬಂದು ಹೋಗಿ" ಅನ್ನುವುದು ಸುಲಭ. ನಮ್ಮ ಜಿಲ್ಲೆಯಲ್ಲಿ ಭಟ್ಕಳದಿಂದ ಕಾರವಾರಕ್ಕೆ, ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಮಳೆಗಾಲದಲ್ಲಿ ಯಾವ ಘಟ್ಟ ತೆರೆದಿದೆ, ಯಾವುದು ಮುಚ್ಚಿದೆ ಅಂತ ವಿಚಾರಿಸಿಕೊಂಡೇ ಮನೆ ಬಿಡಬೇಕು. ಕಾಲಿಗೆ ರಾಡ್ ಹಾಕಿಸಿಕೊಂಡ 82ರ ಹೆಂಗಸಿಗೆ ಆ ಮಾತು ಬಾಗಿಲು ಮುಚ್ಚಿದ ಹಾಗೆಯೇ.

ದೀಪಾವಳಿ ಕಳೆಯಿತು. ಆನ್‌ಲೈನ್‌ನಲ್ಲಿ ಹಾಕಿದ ಅಕ್ಕಪಕ್ಕದವರಿಗೆಲ್ಲ ರೀಫಂಡ್ ಬಂತು. ಅಕ್ಕೋರಿಗೆ ಬರಲಿಲ್ಲ. ಆಗ ಫೋನ್ ಮಾಡಲು ಶುರು ಮಾಡಿದೆವು.

ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಿದರು, ಮರ್ಯಾದೆಯಿಂದಲೂ ಮಾತಾಡಿದರು. ಆದರೆ ಮೊದಲ ಪ್ರಶ್ನೆಯೇ 15 ಅಂಕಿಯ ಸ್ವೀಕೃತಿ ನಂಬರ್ ಹೇಳಿ ಅಂತ. ಇಲ್ಲ ಅಂದೆ. ಹಾಗಾದರೆ ತೆರಿಗೆದಾರರೇ ಮಾತಾಡಲಿ ಅಂದರು. ಅಕ್ಕೋರಿಗೆ ಕಿವಿ ಮಂದ. ಸ್ಪೀಕರ್ ಹಾಕಿ, ನಾನು ಪಕ್ಕದಲ್ಲಿ ಕೂತು ಪ್ರಶ್ನೆಗಳನ್ನು ಗಟ್ಟಿಯಾಗಿ ಮತ್ತೆ ಹೇಳಿದೆ. ಪ್ಯಾನ್ ನಂಬರ್, ಹುಟ್ಟಿದ ತಾರೀಖು ಎಲ್ಲ ಹೇಳಿದರು. ಆ ಕಡೆಯಿಂದ ಉತ್ತರ ಬಂತು: "ಮೇಡಂ, ನಿಮ್ಮ ಹೆಸರಲ್ಲಿ ಈ ವರ್ಷ ರಿಟರ್ನ್ ಫೈಲ್ ಆಗಿಲ್ಲ."

ಅಕ್ಕೋರು ಆ ಮುದ್ರೆ ಬಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಆಗಿಲ್ಲ ಅಂದ್ರೆ ಹೇಗೆ? ನಾನು ಸುಳ್ಳು ಹೇಳ್ತಿದ್ದೇನಾ?" ಅಂದರು. ಫೋನಿನ ಹುಡುಗಿ ಪಾಪ ಏನು ಹೇಳಿಯಾಳು? ನಿಮ್ಮ ವ್ಯಾಪ್ತಿಯ ಅಧಿಕಾರಿಯನ್ನು ಸಂಪರ್ಕಿಸಿ ಅಂದಳು. ಸ್ಥಳೀಯ ಕಚೇರಿಗೆ ಫೋನ್ ಮಾಡಿದರೆ ಹೆಚ್ಚಿನ ಸಲ ಯಾರೂ ಎತ್ತಲಿಲ್ಲ. ಎತ್ತಿದಾಗ "ರೀಫಂಡ್ ಎಲ್ಲ ಬೆಂಗಳೂರಿನದು, ನಮ್ಮ ಕೈಯಲ್ಲಿ ಇಲ್ಲ" ಅಂದರು. ಆನ್‌ಲೈನ್ ದೂರು ಹಾಕಿದರೆ ಕೆಲವು ವಾರದ ನಂತರ ಒಂದೇ ಸಾಲಿನ ಉತ್ತರ ಬಂದು ದೂರು ಮುಗಿಯಿತು: ಸಂಬಂಧಪಟ್ಟ ಅಧಿಕಾರಿಯನ್ನು ಸಂಪರ್ಕಿಸಿ. ಯಾರು ಆ ಅಧಿಕಾರಿ ಅಂತ ಒಬ್ಬರೂ ಹೇಳಲಿಲ್ಲ. ತೆರಿಗೆದಾರರ ಅಹವಾಲು ಕೇಳಲೆಂದೇ ಮೊದಲು ಆದಾಯ ತೆರಿಗೆ ಓಂಬುಡ್ಸ್‌ಮನ್ ಅಂತ ಇತ್ತು. 2003ರಲ್ಲಿ ಬಂದದ್ದು. ಆನ್‌ಲೈನ್ ದೂರಿನ ವ್ಯವಸ್ಥೆ ಇದೆಯಲ್ಲ ಅಂತ 2019ರಲ್ಲಿ ಕೇಂದ್ರ ಸಂಪುಟ ಅದನ್ನು ರದ್ದು ಮಾಡಿತು. ಒಬ್ಬ ಮನುಷ್ಯನ ಎದುರು ಕೂತು ಕಾಗದ ತೋರಿಸುವ ಅವಕಾಶ ಅಲ್ಲಿಗೆ ಹೋಯಿತು. ಅದು ಹೋಗಬಾರದಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಕೂತು ಯೋಚಿಸಿದಾಗ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆನ್‌ಲೈನ್ ರಿಟರ್ನ್ ನೇರವಾಗಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತದೆ. ಕಾಗದದ ರಿಟರ್ನ್ ಹಾಗಲ್ಲ. ಅದು ಮೊದಲು ಕಚೇರಿಯ ಕಪಾಟಿಗೆ ಹೋಗುತ್ತದೆ. ಅಲ್ಲಿ ಯಾರಾದರೂ ಕೂತು ಅದರಲ್ಲಿರುವುದನ್ನು ಕಂಪ್ಯೂಟರಿಗೆ ಏರಿಸಬೇಕು. ಏರಿಸುವವರೆಗೆ ಸಹಾಯವಾಣಿಯ ಪರದೆಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಆ ಹುಡುಗಿಯ ಪಾಲಿಗೆ ರಿಟರ್ನ್ ಆಗಿಲ್ಲ ಅನ್ನುವುದು ನಿಜ. ಕಚೇರಿಯವರ ಪಾಲಿಗೆ ರೀಫಂಡ್ ತಮ್ಮ ಕೈಯಲ್ಲಿಲ್ಲ ಅನ್ನುವುದೂ ನಿಜ. ಅಕ್ಕೋರು ಕೊಟ್ಟಿದ್ದೇನೆ ಅನ್ನುವುದೂ ನಿಜ. ಕಾಗದ ಬಿದ್ದಿದ್ದು ಈ ಮೂರರ ನಡುವಿನ ಜಾಗದಲ್ಲಿ. ಅದಕ್ಕೆ ಹೊಣೆ ಅಂತ ಯಾರ ಹೆಸರೂ ಇಲ್ಲ.

ಡಿಸೆಂಬರ್‌ನಲ್ಲಿ ಮೊಬೈಲಿಗೆ ಮೆಸೇಜ್ ಬಂತು. ನೀವು ರಿಟರ್ನ್ ಸಲ್ಲಿಸಿಲ್ಲ, ತಡವಾಗಿಯಾದರೂ ಸಲ್ಲಿಸಿ ಅಂತ. ಅಕ್ಕೋರ ಮಗ ಗಾಬರಿಯಾದ. ಪರಿಚಯದವರೊಬ್ಬರು "ಸುಮ್ನೆ ಆನ್‌ಲೈನ್‌ನಲ್ಲಿ ಇನ್ನೊಂದು ಹಾಕಿ ಮುಗಿಸಿ" ಅಂದರು. ಈ ಸಲಹೆ ಬಹಳ ಜನ ಕೊಡುತ್ತಾರೆ. ಕೇಳಲು ಚೆನ್ನಾಗಿಯೇ ಇರುತ್ತದೆ. ನಾನು ಬೇಡ ಅಂದೆ. ಆ ವರ್ಷದ ಗಡುವಾದ ಜುಲೈ 31ರೊಳಗೆ ಕೊಟ್ಟ ರಿಟರ್ನ್‌ಗೆ 244ಎ ಕಲಮಿನ ಪ್ರಕಾರ ಏಪ್ರಿಲ್ 1ರಿಂದ ತಿಂಗಳಿಗೆ ಶೇಕಡಾ ಅರ್ಧದಂತೆ ಬಡ್ಡಿ ಸಿಗುತ್ತದೆ. ತಡವಾಗಿ ಕೊಟ್ಟರೆ ಕೊಟ್ಟ ದಿನದಿಂದ ಮಾತ್ರ. ತಡವಾಗಿ ಹಾಕುವಾಗ ಹಳೆ ಪದ್ಧತಿ ಆರಿಸಿಕೊಳ್ಳಲೂ ಬರುವುದಿಲ್ಲ. ಜೊತೆಗೆ, ಕಾಗದದ್ದು ಆಮೇಲೆ ಹೊರಬಂದರೆ ಒಂದೇ ವರ್ಷಕ್ಕೆ ಎರಡು ರಿಟರ್ನ್ ಆಗಿ ಬೇರೆ ಗೋಜಲು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ತಡವಾದ ರಿಟರ್ನ್ ಹಾಕಿದರೆ ಅಕ್ಕೋರು ಸಮಯಕ್ಕೆ ಕೊಟ್ಟಿರಲಿಲ್ಲ ಅಂತ ಅವರ ಕೈಯಿಂದಲೇ ಬರೆದುಕೊಟ್ಟ ಹಾಗಾಗುತ್ತದೆ. ಅವರು ಸಮಯಕ್ಕೆ ಕೊಟ್ಟಿದ್ದರು.

ಪ್ಯಾನ್-ಆಧಾರ್ ಜೋಡಿಸದೇ ಇರುವುದರಿಂದ ಹೀಗಾಗಿದೆ ಅಂತ ಇನ್ನೊಬ್ಬರು ಹೇಳಿದರು. ಅದೂ ಅಲ್ಲ. 80 ದಾಟಿದವರಿಗೆ 2017ರ ಅಧಿಸೂಚನೆಯಲ್ಲೇ ಆ ಕಡ್ಡಾಯದಿಂದ ವಿನಾಯಿತಿ ಇದೆ.

ದಾರಿ ಸಿಕ್ಕಿದ್ದು ಎರಡು ಕಡೆಯಿಂದ. ಮೊದಲನೆಯದು ಇಲಾಖೆಯ ಪೋರ್ಟಲ್‌ನಲ್ಲೇ ಇರುವ 'ನೋ ಯುವರ್ ಎಒ' ಅನ್ನುವ ಪುಟ, ಅಂದರೆ ನಿಮ್ಮ ತೆರಿಗೆ ಅಧಿಕಾರಿ (ಅಸೆಸಿಂಗ್ ಆಫೀಸರ್) ಯಾರು ಅಂತ ತಿಳಿದುಕೊಳ್ಳುವ ಪುಟ. ಲಾಗಿನ್ ಬೇಡ. ಪ್ಯಾನ್ ಮತ್ತು ಒಂದು ಮೊಬೈಲ್ ನಂಬರ್ ಹಾಕಿದರೆ ನಿಮ್ಮ ಪ್ಯಾನ್ ಯಾವ ಅಧಿಕಾರಿಯ ವ್ಯಾಪ್ತಿಯಲ್ಲಿದೆ ಅಂತ ತೋರಿಸುತ್ತದೆ. ಅಕ್ಕೋರದ್ದು ಹಾಕಿ ನೋಡಿದರೆ ಘಟ್ಟದ ಮೇಲಿನ ಬೇರೊಂದು ಊರಿನ ವಾರ್ಡ್, ಅಂದರೆ ಅಲ್ಲಿನ ತೆರಿಗೆ ಅಧಿಕಾರಿಯ ಕಚೇರಿ! ಮಗ ಹಿಂದೆ ಅಲ್ಲಿ ನೌಕರಿಯಲ್ಲಿದ್ದಾಗ ಅಲ್ಲಿನ ವಿಳಾಸ ಕೊಟ್ಟು ಪ್ಯಾನ್ ಮಾಡಿಸಿದ್ದರು. ಆಮೇಲೆ ವಿಳಾಸ ಬದಲಾಯಿಸಿದ್ದರು. ಪ್ಯಾನ್‌ನಲ್ಲಿ ವಿಳಾಸ ಬದಲಾದರೆ ಅಧಿಕಾರಿ ತಾನಾಗಿ ಬದಲಾಗುವುದಿಲ್ಲ. ಅದಕ್ಕೆ ಹಳೆಯ ವ್ಯಾಪ್ತಿಯ ಅಧಿಕಾರಿಗೆ ಬೇರೆ ಅರ್ಜಿ ಕೊಟ್ಟು ವರ್ಗಾಯಿಸಿಕೊಳ್ಳಬೇಕು. ನಮ್ಮ ಕಡೆ ಮುಂಬೈ, ಪುಣೆ, ಹುಬ್ಬಳ್ಳಿ, ಬೆಂಗಳೂರಿಗೆ ದುಡಿಯಲು ಹೋಗಿ ವಾಪಸ್ ಬಂದವರು ಮನೆಗೊಬ್ಬರು ಸಿಗುತ್ತಾರೆ. ಅವರಲ್ಲಿ ಎಷ್ಟು ಜನರ ಪ್ಯಾನ್ ಇನ್ನೂ ಅಲ್ಲೇ ಇದೆಯೋ. ಕಾಗದದ ರಿಟರ್ನ್ ಕೊಡುವವರು ಹೊರಡುವ ಮೊದಲು ಈ ಒಂದು ಪುಟ ನೋಡಿಕೊಳ್ಳಲೇಬೇಕು.

ಎರಡನೆಯದು ಮಾಹಿತಿ ಹಕ್ಕು. ಕಚೇರಿಯಿಂದ ಉತ್ತರ ಬೇಕಾದರೆ ಉತ್ತರ ಕೊಡಲೇಬೇಕಾದ ಕಾಗದವನ್ನೇ ಕಳಿಸಬೇಕು. 2005ರ ಕಾಯ್ದೆ, 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಇಲ್ಲಿ ಪ್ರಶ್ನೆ ಕೇಳುವ ರೀತಿ ಮುಖ್ಯ. "ನನ್ನ ರೀಫಂಡ್ ಯಾಕೆ ಬಂದಿಲ್ಲ" ಅಂತ ಕೇಳಿದರೆ ಕಾರಣ ಹೇಳುವುದು ಮಾಹಿತಿಯಲ್ಲ ಅಂತ ತಳ್ಳಿಹಾಕಬಹುದು. ದಾಖಲೆಯಲ್ಲಿ ಏನಿದೆಯೋ ಅದನ್ನೇ ಕೇಳಬೇಕು. ಅಕ್ಕೋರೇ ಕೈಯಲ್ಲಿ ಬರೆದರು. ಈ ತಾರೀಖಿನ ಮುದ್ರೆ ಇರುವ ನನ್ನ ರಿಟರ್ನ್ ನಿಮ್ಮ ಆವಕ ವಹಿಯಲ್ಲಿ (ಬಂದ ಕಾಗದ ದಾಖಲಿಸುವ ಪುಸ್ತಕದಲ್ಲಿ) ಯಾವ ನಂಬರಿನಲ್ಲಿ ದಾಖಲಾಗಿದೆ? ಅದನ್ನು ಯಾವ ಅಧಿಕಾರಿಗೆ, ಯಾವ ದಿನ ಕಳಿಸಲಾಗಿದೆ? ಕಳಿಸಿದ ಪತ್ರದ ಪ್ರತಿ ಕೊಡಿ. ಜೊತೆಗೆ ಮುದ್ರೆಯ ಕಾಗದದ ಝೆರಾಕ್ಸ್ ಇಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು.

ಉತ್ತರ ಬಂತು. ಕಾಗದ ಆವಕ ವಹಿಯಲ್ಲಿ ಇತ್ತು, ನಂಬರೂ ಇತ್ತು! ಬೇರೆ ವ್ಯಾಪ್ತಿಯದು ಅಂತ ಘಟ್ಟದ ಮೇಲಿನ ವಾರ್ಡಿಗೆ ಕಳಿಸಲಾಗಿದೆ, ಉಳಿದ ಮಾಹಿತಿಗಾಗಿ ಅರ್ಜಿಯನ್ನೂ ಅಲ್ಲಿಗೆ ವರ್ಗಾಯಿಸಿದ್ದೇವೆ ಅಂತ ಬರೆದಿದ್ದರು. ಕಾಯ್ದೆಯ 6(3) ಪ್ರಕಾರ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಆ ಒಂದು ಪತ್ರದಿಂದ ಕಾಗದ ಎಲ್ಲಿದೆ ಅಂತ ಗೊತ್ತಾಯಿತು. ಅಕ್ಕೋರು ಆ ಪತ್ರವನ್ನು ಓದಿ, ಮತ್ತೊಮ್ಮೆ ಓದಿ, "ದಾಖಲಾಗಿದೆ ಅಂತ ಬರೆದಿದ್ದಾರೆ, ನೋಡು" ಅಂದರು. ದುಡ್ಡಿಗಿಂತ ಆ ಸಾಲು ಅವರಿಗೆ ಬೇಕಾಗಿತ್ತು ಅಂತ ನನಗೆ ಆಗ ಅರ್ಥವಾಯಿತು.

ಆ ಮೇಲೆ ಘಟ್ಟದ ಮೇಲಿನ ಅಧಿಕಾರಿಗೆ ನೇರವಾಗಿ ಬರೆದೆವು. ಒಂದೇ ಪುಟ. ರಿಟರ್ನ್ ಕೊಟ್ಟ ತಾರೀಖು, ಆವಕ ನಂಬರ್, ಫಾರ್ಮ್ 26ಎಎಸ್‌ನಲ್ಲಿ (ಪ್ಯಾನ್‌ನಲ್ಲಿ ಹಿಡಿದ ತೆರಿಗೆಯ ಪಟ್ಟಿಯಲ್ಲಿ) ಕಾಣುವ ಟಿಡಿಎಸ್ ಮೊತ್ತ, ಮಾಹಿತಿ ಹಕ್ಕಿನ ಉತ್ತರದ ಪ್ರತಿ. ಕೊನೆಯಲ್ಲಿ ಒಂದು ಗಡುವನ್ನು ನೆನಪಿಸಿದೆವು. ರಿಟರ್ನ್ ಲೆಕ್ಕ ನೋಡಿ ರೀಫಂಡ್ ಎಷ್ಟು ಅಂತ ತಿಳಿಸುವ 143(1) ಕಲಮಿನ ಸೂಚನಾಪತ್ರವನ್ನು, ರಿಟರ್ನ್ ಕೊಟ್ಟ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳೊಳಗೆ ಕಳಿಸಬೇಕು. 2024ರ ಜುಲೈನಲ್ಲಿ ಕೊಟ್ಟದ್ದಕ್ಕೆ ಅದು 2025ರ ಡಿಸೆಂಬರ್ 31. ಆ ದಿನ ದಾಟಿದರೆ ರೀಫಂಡ್ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಕಾಗದಗಳಿಗಿಂತ ಆ ತಾರೀಖಿಗೇ ಬೆಲೆ ಜಾಸ್ತಿ ಇತ್ತು. ಆ ಕಚೇರಿಯ ಒಬ್ಬರು ತಾವಾಗಿಯೇ ಫೋನ್ ಮಾಡಿ, ಕಾಗದ ಸಿಕ್ಕಿದೆ, ಏರಿಸುತ್ತೇವೆ ಅಂದರು. ಅವರಿಗೆ ನಾವು ಋಣಿಗಳು.

2025ರ ಸೆಪ್ಟೆಂಬರ್‌ನಲ್ಲಿ ಸೂಚನಾಪತ್ರ ಬಂತು. ₹16,000 ಅಸಲು. 2024ರ ಏಪ್ರಿಲ್‌ನಿಂದ 18 ತಿಂಗಳ ಬಡ್ಡಿ ₹1,440. ಒಟ್ಟು ₹17,440. ಎಲ್ಲ ಮುಗಿಯಿತು ಅಂದುಕೊಂಡೆವು. ದುಡ್ಡು ಖಾತೆಗೆ ಬೀಳಲಿಲ್ಲ.

ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ. 2019ರ ಮಾರ್ಚ್ 1ರಿಂದ ರೀಫಂಡ್ ಬ್ಯಾಂಕ್ ಖಾತೆಗೇ ಬರುತ್ತದೆ, ಚೆಕ್ ಇಲ್ಲ. ಆ ಖಾತೆ ಪ್ಯಾನ್ ಜೊತೆ ಜೋಡಣೆಯಾಗಿ, ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಣ ಆಗಿರಬೇಕು. ದೃಢೀಕರಣ ಮಾಡಬೇಕಾದರೆ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ನೋಂದಣಿಗೆ ಮೊಬೈಲ್ ಬೇಕು, ಇಮೇಲ್ ಬೇಕು, ಪಾಸ್‌ವರ್ಡ್ ಬೇಕು, ಒಟಿಪಿ ಬೇಕು. ಅಂದರೆ ಕಾಗದದಲ್ಲಿ ಕೊಡಬಹುದು ಅಂತ ಒಂದು ನಿಯಮ ಹೇಳುತ್ತದೆ. ದುಡ್ಡು ವಾಪಸ್ ಪಡೆಯಲು ಬೇಕಾದ್ದೆಲ್ಲ ಕಂಪ್ಯೂಟರಿನೊಳಗೇ ಇದೆ. "ಕೊನೆಗೆ ಅದೇ ಬೇಕಾಗಿದ್ದರೆ ಕಾಗದ ಅಂತ ಯಾಕೆ ಇಟ್ಟರು ತಮಾ?" ಅಂತ ಅಕ್ಕೋರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಉತ್ತರ ಕೊಡಬೇಕಾದವರು ಇಲಾಖೆಯವರು.

ಮೊಮ್ಮಗಳು ರಜೆಗೆ ಬಂದಿದ್ದಳು. ಅಜ್ಜಿಯ ಪಕ್ಕ ಕೂತು, ಒಂದೊಂದು ಹೆಜ್ಜೆಯನ್ನೂ ಓದಿ ಹೇಳಿ, ಪಾಸ್‌ವರ್ಡ್ ಅಜ್ಜಿಯ ಕೈಯಲ್ಲೇ ಒತ್ತಿಸಿ ನೋಂದಣಿ ಮಾಡಿಸಿದಳು. ಖಾತೆ ದೃಢೀಕರಣ ಮೊದಲು ಆಗಲಿಲ್ಲ. ಪ್ಯಾನ್‌ನಲ್ಲಿ ಹೆಸರಿನ ಜೊತೆ ತಂದೆಯ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು. ಮದುವೆಯಾದ ಹೆಂಗಸರಲ್ಲಿ ಈ ತೊಡಕು ನಾನು ಪದೇಪದೇ ನೋಡುತ್ತೇನೆ. ಬ್ಯಾಂಕಿನವರು ಮನೆಗೇ ಬಂದು ಕೆವೈಸಿ ಕಾಗದ ತೆಗೆದುಕೊಂಡು ಹೆಸರು ಸರಿ ಮಾಡಿದರು. ಆಮೇಲೆ ಪೋರ್ಟಲ್‌ನಲ್ಲಿ ರೀಫಂಡ್ ಮರುಪಾವತಿಗೆ ಕೋರಿಕೆ ಹಾಕಿದೆವು. ಅಕ್ಟೋಬರ್‌ನಲ್ಲಿ ₹17,440 ಬಂತು. ಬಡ್ಡಿಯ ₹1,440 ಅನ್ನು ಬಂದ ವರ್ಷದ ಆದಾಯದಲ್ಲಿ ತೋರಿಸಬೇಕು ಅಂತ ಅಕ್ಕೋರಿಗೆ ಹೇಳಿದೆ. ಅವರು ಆಗಲೇ ಡೈರಿಯಲ್ಲಿ ಬರೆದುಕೊಂಡಿದ್ದರು.

ಕಿಟಕಿಯಲ್ಲಿ ಕಾಗದ ತೆಗೆದುಕೊಳ್ಳುವವರಿಗೆ ನನ್ನ ಕೋರಿಕೆ ಒಂದೇ. ಕರೆಂಟ್ ಇಲ್ಲದಿದ್ದರೆ ಆವಕ ವಹಿಯ ನಂಬರನ್ನಾದರೂ ಪೆನ್ನಿನಲ್ಲಿ ಬರೆದು ಕೊಡಿ. ಕೊಡುವವರಿಗೂ ಹೇಳುತ್ತೇನೆ, ನಂಬರ್ ಸಿಗುವವರೆಗೆ ಕಿಟಕಿ ಬಿಟ್ಟು ಬರಬೇಡಿ, ಮಳೆ ಇದ್ದರೂ, ಬಸ್ಸು ಹೊರಡುವ ಹೊತ್ತಾದರೂ. ನಮ್ಮ ಪ್ರಕರಣದಲ್ಲಿ ಆ ನಂಬರ್ ಮೊದಲ ದಿನವೇ ಕೈಯಲ್ಲಿ ಇದ್ದಿದ್ದರೆ ಮೊದಲ ಫೋನಿಗೇ ಕಾಗದದ ಜಾಡು ಹಿಡಿಯಬಹುದಿತ್ತು.

2024-25ಕ್ಕೆ ಅಕ್ಕೋರು 15ಎಚ್ ಅನ್ನು ಏಪ್ರಿಲ್‌ನಲ್ಲೇ ಕೊಟ್ಟಿದ್ದರಿಂದ ಆ ವರ್ಷ ಟಿಡಿಎಸ್ ಹಿಡಿದಿಲ್ಲ. ಪ್ಯಾನ್ ಅನ್ನು ನಮ್ಮ ಕಡೆಯ ವ್ಯಾಪ್ತಿಗೆ ವರ್ಗಾಯಿಸಿ ಅಂತ ಘಟ್ಟದ ಮೇಲಿನ ಅಧಿಕಾರಿಗೆ ಅರ್ಜಿ ಹೋಗಿದೆ. ಅದನ್ನೂ ಅಕ್ಕೋರು ಕೈಯಲ್ಲೇ ಬರೆದು, ಪ್ರತಿ ಇಟ್ಟುಕೊಂಡು, ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.